ವಿದ್ಯುತ್ತಿನ ದರ ಏರಿದಾಗ

ಮೈಸೂರು ಜಿಲ್ಲೆಯ ಚುಂಚನಕಟ್ಟೆಯಲ್ಲಿ ಕಾವೇರಿಯು ಬಂಡೆಗಳ ಮೇಲಿಂದ ಸುಮಾರು 60 ಅಡಿ, ಎಂದರೆ 18 ಮೀಟರು, ಕೆಳಕ್ಕೆ ಧುಮುಕುತ್ತದೆ. ಅಲ್ಲಿ ಕಿರು ಜಲವಿದ್ಯುದಾಗಾರವೂ ಉಂಟು. ಬೀಳುವ ನೀರಿಗೆ ನದಿಯು ಬೆಲೆ ಕೇಳುವುದಿಲ್ಲ. ಹಾಗಿದ್ದೂ ಅದೇ ಊರಿನ ಮನೆಗೆ ಬರುವ ವಿದ್ಯುತ್ತಿನ ದರ ಏಕೆ ಏರಬೇಕು? ಏರಿದಾಗ ಆ ಭಾರವನ್ನು ಹೊರುವವರು ಯಾರು?

ಒಂದು ಕಿಲೋವ್ಯಾಟ್ ಶಕ್ತಿಯನ್ನು ಒಂದು ಗಂಟೆಯ ಕಾಲ ಬಳಸಿದರೆ ಅದು ಒಂದು ಯೂನಿಟ್. ಯಾವ ನಷ್ಟವೂ ಇಲ್ಲವೆಂದು ಭಾವಿಸಿದರೂ, ಒಂದೇ ಒಂದು ಯೂನಿಟ್ ಪಡೆಯಲು ಸುಮಾರು 20,000 ಲೀಟರು ನೀರು 18 ಮೀಟರು ಇಳಿಯಬೇಕು! ಮಳೆಗಾಲದಲ್ಲಿ ನೀರು ಹೇರಳ, ಬೇಸಗೆಯಲ್ಲಿ ವಿರಳ. ಆದುದರಿಂದ ಕಲ್ಲಿದ್ದಲು, ಪರಮಾಣು, ಗಾಳಿ, ಬಿಸಿಲುಗಳಿಂದ ಬಂದ ವಿದ್ಯುತ್ತನ್ನೂ ಕೊಳ್ಳಬೇಕಾಗುತ್ತದೆ. ಸರಬರಾಜು ಸಂಸ್ಥೆಯ ವೆಚ್ಚದಲ್ಲಿ ಈ ಖರೀದಿಯದೇ ಸಿಂಹಪಾಲು. ತಂತಿ, ಕಂಬ, ಪರಿವರ್ತಕ, ಸಿಬ್ಬಂದಿಯ ವೇತನ, ಸಾಲದ ಬಡ್ಡಿ, ದಾರಿಯಲ್ಲಾಗುವ ಸೋರಿಕೆ – ಇವೆಲ್ಲ ಅದಕ್ಕೆ ಸೇರುತ್ತವೆ.

ಒಂದೇ ಬೀದಿಯಲ್ಲಿ ಇಬ್ಬರು ಬೇರೆ ಬೇರೆ ಕಂಬಗಳನ್ನು ನೆಡುವುದು ದುಂದುವೆಚ್ಚ. ಆದ್ದರಿಂದ ಒಂದು ಪ್ರದೇಶಕ್ಕೆ ಒಬ್ಬನೇ ಸರಬರಾಜುದಾರ. ಆದರೆ ಸ್ಪರ್ಧೆ ಇಲ್ಲದ ಕಡೆ ಬೆಲೆಗೆ ಕಡಿವಾಣ ಬೇಕು. ಅಮೆರಿಕದ ವಿಸ್ಕಾನ್ಸಿನ್ ಮತ್ತು ನ್ಯೂಯಾರ್ಕ್ ರಾಜ್ಯಗಳು 1907ರಲ್ಲಿಯೇ ಇದಕ್ಕಾಗಿ ಆಯೋಗಗಳನ್ನು ರಚಿಸಿದವು. ನಮ್ಮಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 1999ರಲ್ಲಿ ಹುಟ್ಟಿತು. ಚುಂಚನಕಟ್ಟೆಗೆ ವಿದ್ಯುತ್ತನ್ನು ಒದಗಿಸುವ, ಮೈಸೂರಿನಲ್ಲಿ ಕೇಂದ್ರವುಳ್ಳ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು ತನ್ನ ಲೆಕ್ಕವನ್ನು ಈ ಆಯೋಗದ ಮುಂದಿಡಬೇಕು. ಅರ್ಜಿಯು ಪ್ರಕಟವಾದ ಮೇಲೆ ಯಾವ ಗ್ರಾಹಕನಾದರೂ ಆಕ್ಷೇಪಣೆ ಸಲ್ಲಿಸಬಹುದು. 2003ರ ಕಾಯಿದೆಯಂತೆ, ಅರ್ಜಿ ಬಂದ 120 ದಿನಗಳೊಳಗೆ ಆದೇಶ ಹೊರಡಬೇಕು.

ಗೃಹಬಳಕೆಯ ಬಿಲ್ಲಿನಲ್ಲಿ ಎರಡು ಮುಖ್ಯ ಭಾಗಗಳಿವೆ. ಮಂಜೂರಾದ ಪ್ರತಿ ಕಿಲೋವ್ಯಾಟಿಗೆ ತೆರುವುದು ನಿಗದಿತ ಶುಲ್ಕ. ಬಳಸಿದ ಪ್ರತಿ ಯೂನಿಟಿಗೆ ತೆರುವುದು ಬಳಕೆಯ ಶುಲ್ಕ. 2025ರ ಮಾರ್ಚ್ 27ರ ಆದೇಶವು 2025-26ನೆಯ ಸಾಲಿಗೆ ನಿಗದಿತ ಶುಲ್ಕವನ್ನು 120 ರೂಪಾಯಿಯಿಂದ 145ಕ್ಕೆ ಏರಿಸಿ, ಬಳಕೆಯ ಶುಲ್ಕವನ್ನು 5.90ರಿಂದ 5.80ಕ್ಕೆ ಇಳಿಸಿತು. ಇದರೊಡನೆ ನೌಕರರ ಪಿಂಚಣಿ ಮತ್ತು ಉಪದಾನಕ್ಕೆಂದು ಯೂನಿಟಿಗೆ 36 ಪೈಸೆಯ ಅಧಿಭಾರವೂ ಸೇರಿತು.

ಎರಡು ಕಿಲೋವ್ಯಾಟ್ ಮಂಜೂರಾದ ಎರಡು ಮನೆಗಳನ್ನು ಊಹಿಸೋಣ. ತೆರಿಗೆ ಮತ್ತು ಇಂಧನ ವೆಚ್ಚದ ಹೊಂದಾಣಿಕೆಯನ್ನು ಬಿಟ್ಟು ಲೆಕ್ಕ ಹಾಕೋಣ. ತಿಂಗಳಿಗೆ 60 ಯೂನಿಟ್ ಬಳಸುವ ಮನೆಯ ಬಿಲ್ಲು 594 ರೂಪಾಯಿಯಿಂದ 659.60ಕ್ಕೆ ಏರುತ್ತದೆ, 200 ಯೂನಿಟ್ ಬಳಸುವ ಮನೆಯದು 1,420ರಿಂದ 1,522ಕ್ಕೆ. ಮೊದಲನೆಯ ಮನೆಗೆ ಏರಿಕೆ ಶೇಕಡ 11, ಎರಡನೆಯದಕ್ಕೆ ಶೇಕಡ 7. ಮಿತವಾಗಿ ಬಳಸುವವನಿಗೇ ಪ್ರಮಾಣದಲ್ಲಿ ಹೆಚ್ಚಿನ ಪೆಟ್ಟು! ದೀಪವನ್ನು ಆರಿಸಿದರೂ ನಿಗದಿತ ಶುಲ್ಕ ಕರಗುವುದಿಲ್ಲ. ಬಳಸಲಿ, ಬಿಡಲಿ, ತಂತಿಯೂ ಪರಿವರ್ತಕವೂ ಸದಾ ಸಿದ್ಧವಾಗಿರಬೇಕು, ಅದರ ವೆಚ್ಚ ಬಳಕೆಯೊಡನೆ ತಗ್ಗದು ಎಂಬುದು ಇದಕ್ಕೆ ಸಮರ್ಥನೆ. ಆ ವಾದದಲ್ಲಿ ಹುರುಳಿದೆ. ಆದರೆ ಮಿತವ್ಯಯಕ್ಕೆ ದೊರೆಯುವ ಪ್ರತಿಫಲವು ಅಷ್ಟರಮಟ್ಟಿಗೆ ಕುಗ್ಗುತ್ತದೆ.

2023ರ ಜುಲೈಯಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದ ಅನೇಕ ಮನೆಗಳಿಗೆ ಈ ಏರಿಕೆ ಕಾಣಲೇ ಇಲ್ಲ. ಮನೆಯ ಹಿಂದಿನ ಸರಾಸರಿಗೆ ಕೊಂಚ ಸೇರಿಸಿದ ಮಿತಿಯವರೆಗೆ ಹಣವನ್ನು ಸರಕಾರವೇ ತೆರುತ್ತದೆ. ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಗ್ರಾಹಕನದು. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳ ವೆಚ್ಚವನ್ನೂ ಸರಕಾರವು ಭರಿಸುತ್ತದೆ. ಬಿಲ್ಲಿನಲ್ಲಿ ಸೊನ್ನೆ ಕಂಡರೆ ವೆಚ್ಚವು ಮಾಯವಾಯಿತೆಂದಲ್ಲ. ಅದು ಬೊಕ್ಕಸಕ್ಕೆ ವರ್ಗವಾಯಿತು, ಬೊಕ್ಕಸವನ್ನು ತುಂಬುವವರು ನಾವೇ. ಬೀದಿಯ ಹಿಟ್ಟಿನ ಗಿರಣಿಗಾದರೋ ಗೃಹಜ್ಯೋತಿಯ ಆಸರೆಯಿಲ್ಲ. ಅದರ ದರ ಏರಿದರೆ, ಅದು ತೆರುವ ಹೆಚ್ಚಿನ ಹಣ ರಾಗಿ ಬೀಸುವ ಕೂಲಿಯಲ್ಲಿ ಸೇರಿ ನಮ್ಮ ಮನೆಗೇ ಮರಳಬಹುದು.

ಆದುದರಿಂದ ವಿದ್ಯಾರ್ಥಿಗಳು ಮನೆಯ ಬಿಲ್ಲನ್ನು ಒಮ್ಮೆ ಕೈಗೆತ್ತಿಕೊಂಡು, ಅದರ ಭಾಗಗಳನ್ನು ಬಿಡಿಸಿ ನೋಡಬೇಕು. ಲೆಕ್ಕವನ್ನು ಅರಿತವನ ಆಕ್ಷೇಪಣೆಗೆ ಆಯೋಗದ ವಿಚಾರಣೆಯಲ್ಲಿ ತೂಕ ಹೆಚ್ಚು.