ಕಬಿನಿಯ ದಡಕ್ಕೆ ಎಂಥ ಬೆಳಕು ಬೇಕು?

ಕಬಿನಿ ಅಣೆಕಟ್ಟೆಯಿರುವ ಬೀಚನಹಳ್ಳಿಯ ಹೆಸರು ಪತ್ರಿಕೆಗಳಲ್ಲಿ ಕಾಣಿಸುವುದು ಹೆಚ್ಚಾಗಿ ಮುಂಗಾರಿನಲ್ಲಿ. ವಯನಾಡಿನಲ್ಲಿ ಮಳೆ ಹಿಡಿಯಿತೆಂದರೆ ಕಬಿನಿಯ ಒಳಹರಿವು ಎಷ್ಟು, ಹೊರಹರಿವು ಎಷ್ಟು, 2,284 ಅಡಿಯ ಗರಿಷ್ಠ ಮಟ್ಟ ಮುಟ್ಟಲು ಇನ್ನೆಷ್ಟು ಬಾಕಿ ಎಂಬ ಲೆಕ್ಕ ದಿನವೂ ಅಚ್ಚಾಗುತ್ತದೆ. 1974ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟೆಯ ಬುಡದಲ್ಲಿ 20 ಮೆಗಾವಾಟ್ ಸಾಮರ್ಥ್ಯದ ಜಲವಿದ್ಯುತ್ ಘಟಕವೂ ಇದೆ. ನೀರಿನ ಲೆಕ್ಕ ಎಲ್ಲರಿಗೂ ಗೊತ್ತು. ಇಲ್ಲಿಂದ ಹೊರಡುವ ಬೆಳಕಿನ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಬೇಕು.

ಘಟಕ ಪೂರ್ಣ ಸಾಮರ್ಥ್ಯದಲ್ಲಿ ತಿರುಗುತ್ತಿದೆ, ಅದರ ಕರೆಂಟೆಲ್ಲ ದೀಪಕ್ಕೇ ಹೋಗುತ್ತಿದೆ ಎಂದಿಟ್ಟುಕೊಳ್ಳೋಣ. 60 ವಾಟಿನ ಬುರುಡೆ ಬಲ್ಬುಗಳಾದರೆ ಒಂದೇ ಹೊತ್ತಿಗೆ ಸುಮಾರು 3.3 ಲಕ್ಷ ಉರಿಯುತ್ತವೆ. 9 ವಾಟಿನ ಎಲ್‌ಇಡಿಯಾದರೆ 22 ಲಕ್ಷ! ಅದೇ ನದಿ, ಅದೇ ಟರ್ಬೈನು. ಬದಲಾದದ್ದು ಹೋಲ್ಡರಿಗೆ ಸಿಕ್ಕಿಸುವ ಬಲ್ಬು ಮಾತ್ರ. ಹೊಸ ಅಣೆಕಟ್ಟೆ ಕಟ್ಟದೆ, ಒಂದು ಎಕರೆಯನ್ನೂ ಮುಳುಗಿಸದೆ ಸುಮಾರು ಏಳು ಪಟ್ಟು ಮನೆಗಳಿಗೆ ಬೆಳಕು ಹಂಚುವ ಶಕ್ತಿ ನಮ್ಮ ಕೈಗೆ ಬಂದಿದೆ. ಮುಳುಗಡೆಯ ನೋವು ಉಂಡ ಹೆಗ್ಗಡದೇವನಕೋಟೆಯ ಜನರಿಗೆ ಈ ಮಾತಿನ ತೂಕ ಬೇಗ ತಿಳಿಯುತ್ತದೆ.

ಇಷ್ಟು ದಿನ ನಾವು ಕೇಳುತ್ತಿದ್ದುದು ‘ಬೆಳಕು ಇದೆಯೇ, ಇಲ್ಲವೇ’ ಎಂದು. ಬೆಳಕು ಇಷ್ಟು ಅಗ್ಗವಾದ ಮೇಲೆ ಆ ಪ್ರಶ್ನೆಯೊಂದೇ ಸಾಲದು. ಎಂಥ ಬೆಳಕು, ಎಲ್ಲಿಗೆ, ಎಷ್ಟು ವರ್ಷಕ್ಕೆ ಎಂದು ಕೇಳಬೇಕಾಗಿದೆ. ಒಂದು ಕಡೆ ಆದಿವಾಸಿಗಳ ಹಾಡಿ, ಇನ್ನೊಂದು ಕಡೆ ಹುಲಿ-ಆನೆಗಳ ಕಾಡು, ನಡುವೆ ಹೊಲಗಳಿರುವ ಕಬಿನಿಯ ದಡದಲ್ಲಿ ಈ ಮೂರೂ ಪ್ರಶ್ನೆಗಳಿಗೆ ಉತ್ತರ ಬೇಕೇಬೇಕು.

ನೀಲಿಗಾಗಿ ಮೂವತ್ತು ವರ್ಷ

ಕಬಿನಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರಿ ಮುಂದೆ ಶಿವನಸಮುದ್ರಕ್ಕೆ ಹರಿಯುತ್ತದೆ. ಅಲ್ಲಿ ಹುಟ್ಟಿದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಹೊತ್ತಿಸಿತು. ಆ ಕಾಲದ ಬಲ್ಬಿನ ಕೆಲಸ ಸರಳ. ತೆಳ್ಳನೆಯ ತಂತಿಯನ್ನು ಕೆಂಪಗೆ ಕಾಯಿಸಿ ಅದರಿಂದ ಬೆಳಕು ಪಡೆಯುವುದು. ಒಳಗೆ ಹೋದ ಕರೆಂಟಿನ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ಶಾಖವಾಗಿಯೇ ಮುಗಿಯುತ್ತಿತ್ತು.

ಎಲ್‌ಇಡಿಯಲ್ಲಿ ಕಾಯುವ ತಂತಿಯೇ ಇಲ್ಲ. ಅರೆವಾಹಕದ ಸಣ್ಣ ತುಣುಕಿನಲ್ಲಿ ಎಲೆಕ್ಟ್ರಾನುಗಳು ಮೇಲಿನ ಶಕ್ತಿಮಟ್ಟದಿಂದ ಕೆಳಗಿಳಿಯುವಾಗ ಬಿಟ್ಟುಕೊಡುವ ಶಕ್ತಿ ನೇರವಾಗಿ ಬೆಳಕಾಗುತ್ತದೆ. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ತೋರಿಸಿಕೊಟ್ಟರು. ಹಸಿರೂ ಬಂತು. ನೀಲಿ ಬಾರದೆ ಬಿಳಿ ಬೆಳಕು ಸಾಧ್ಯವಿರಲಿಲ್ಲ, ಆ ನೀಲಿ ಮೂವತ್ತು ವರ್ಷ ಯಾರ ಕೈಗೂ ಸರಿಯಾಗಿ ಸಿಗಲಿಲ್ಲ. ಜಪಾನಿನ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಮುರಾ ಹಲವರು ಕೈಬಿಟ್ಟಿದ್ದ ಗ್ಯಾಲಿಯಂ ನೈಟ್ರೈಡ್ ಎಂಬ ವಸ್ತುವನ್ನೇ ಹಿಡಿದು ಕೂತು, 1990ರ ದಶಕದ ಆರಂಭದಲ್ಲಿ ಪ್ರಖರ ನೀಲಿಯನ್ನು ಪಡೆದರು. ಇದಕ್ಕಾಗಿ 2014ರ ಭೌತವಿಜ್ಞಾನದ ನೊಬೆಲ್ ಮೂವರಿಗೂ ಸಂದಿತು.

ಇಂದು ನಮ್ಮ ಮನೆಯಲ್ಲಿ ಉರಿಯುವ ಬಿಳಿ ಎಲ್‌ಇಡಿಯ ಒಳಗಿರುವುದೂ ಬಹುಪಾಲು ಈ ನೀಲಿಯೇ. ಅದರ ಮೇಲೆ ಹಳದಿ ಫಾಸ್ಫರ್‌ನ ಲೇಪನವಿರುತ್ತದೆ. ನೀಲಿಯ ಒಂದು ಪಾಲು ಲೇಪನದಲ್ಲಿ ಹಳದಿಯಾಗಿ ಮಾರ್ಪಟ್ಟು, ಉಳಿದ ನೀಲಿಯೊಡನೆ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಲೇಪನ ಬದಲಾದರೆ ಬಿಳಿಯ ಬಗೆಯೂ ಬದಲಾಗುತ್ತದೆ. ಇದನ್ನು ನೆನಪಿನಲ್ಲಿಡಬೇಕು, ಕಾಡಂಚಿಗೆ ಹೋದಾಗ ಈ ನೀಲಿಯ ಪ್ರಮಾಣವೇ ಮುಖ್ಯವಾಗುತ್ತದೆ.

310 ರೂಪಾಯಿಯಿಂದ 38ಕ್ಕೆ

ವಿಜ್ಞಾನ ಜಪಾನಿನದಾದರೂ ಅದನ್ನು ಬಡವರ ಮನೆಗೆ ಮುಟ್ಟಿಸಿದ್ದರಲ್ಲಿ ಭಾರತದ ಪಾಲು ದೊಡ್ಡದು. 2015ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆಗಾಗಿ ಕೇಂದ್ರ ಸರ್ಕಾರಿ ವಲಯದ ಇಇಎಸ್‌ಎಲ್ ಸಂಸ್ಥೆ ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಟೆಂಡರ್ ಕರೆದು ಕೊಂಡಿತು. 2014ರಲ್ಲಿ ಒಂದಕ್ಕೆ 310 ರೂಪಾಯಿ ಇದ್ದ ಖರೀದಿ ದರ 2016ರಲ್ಲಿ 38 ರೂಪಾಯಿಗೆ ಇಳಿಯಿತು. ಕರ್ನಾಟಕದಲ್ಲಿ ಇದು ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ 2015ರ ಡಿಸೆಂಬರಿನಲ್ಲಿ ಬಂತು, 9 ವಾಟಿನ ಬಲ್ಬು ನೂರು ರೂಪಾಯಿಗೆ ಜನರ ಕೈಸೇರಿತು. ದೇಶದಲ್ಲಿ ಈವರೆಗೆ ವಿತರಣೆಯಾದ ಉಜಾಲಾ ಬಲ್ಬುಗಳ ಸಂಖ್ಯೆ 36 ಕೋಟಿಗೂ ಹೆಚ್ಚು.

ದರ ಇಳಿದದ್ದರ ಜೊತೆಗೇ ಗುಣಮಟ್ಟದ ಪ್ರಶ್ನೆಯೂ ಎದ್ದಿತು. ಸಂತೆಯಲ್ಲಿ ರಾಶಿ ಹಾಕಿ ಮಾರುವ ಹೆಸರಿಲ್ಲದ ಬಲ್ಬೂ ಮೊದಲ ದಿನ ಚೆನ್ನಾಗಿಯೇ ಉರಿಯುತ್ತದೆ. ವ್ಯತ್ಯಾಸ ತಿಳಿಯುವುದು ಆರು ತಿಂಗಳ ಮೇಲೆ. ಆದ್ದರಿಂದ ಡಬ್ಬಿ ಓದುವುದನ್ನು ರೂಢಿ ಮಾಡಿಕೊಳ್ಳಬೇಕು. ವಾಟ್ ಎಂದರೆ ಬಲ್ಬು ನುಂಗುವ ಕರೆಂಟು, ಲ್ಯೂಮೆನ್ ಎಂದರೆ ಅದು ಕೊಡುವ ಬೆಳಕು. 60 ವಾಟಿನ ಬುರುಡೆ ಬಲ್ಬು ಕೊಡುತ್ತಿದ್ದುದು ಸುಮಾರು 700 ಲ್ಯೂಮೆನ್. ಒಳ್ಳೆಯ 9 ವಾಟಿನ ಎಲ್‌ಇಡಿ 800ರಿಂದ 900 ಕೊಡುತ್ತದೆ. ಡಬ್ಬಿಯ ಮೇಲೆ ಭಾರತೀಯ ಮಾನಕ ಬ್ಯೂರೊದ ನೋಂದಣಿ ಸಂಖ್ಯೆ ಮತ್ತು ನಕ್ಷತ್ರಗಳ ಲೇಬಲ್ ಇರಬೇಕು. ಲ್ಯೂಮೆನ್ ಮತ್ತು ಗ್ಯಾರಂಟಿಯ ಅವಧಿ ಅಚ್ಚಾಗಿರದ ಬಲ್ಬು ಎಷ್ಟು ಅಗ್ಗವಾದರೂ ದುಬಾರಿಯೇ.

ಉದ್ಯಮದ ಮಟ್ಟದಲ್ಲೂ ಕೆಲಸ ಬಾಕಿಯಿದೆ. ಬಲ್ಬಿನ ಜೋಡಣೆ ನಮ್ಮಲ್ಲಿ ನಡೆಯುತ್ತಿದ್ದರೂ ಅದರ ಜೀವವಾದ ಚಿಪ್ಪು ಹೆಚ್ಚಾಗಿ ಹೊರದೇಶದಿಂದಲೇ ಬರುತ್ತದೆ. ಎಸಿ ಮತ್ತು ಎಲ್‌ಇಡಿ ಬಿಡಿಭಾಗಗಳ ದೇಶೀ ತಯಾರಿಕೆಗೆ 2021ರಲ್ಲಿ ಕೇಂದ್ರ ಸರ್ಕಾರ 6,238 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ತಂದದ್ದು ಇದೇ ಕಾರಣಕ್ಕೆ.

ತಂತಿ ಮುಟ್ಟದ ಹಾಡಿಗೆ

ಪೇಟೆಯವರಿಗೆ ಎಲ್‌ಇಡಿ ಎಂದರೆ ಕರೆಂಟ್ ಬಿಲ್ಲಿನ ಉಳಿತಾಯ. ಕಾಡಂಚಿನಲ್ಲಿ ಅದರ ಅರ್ಥ ಬೇರೆಯೇ. ಹೆಗ್ಗಡದೇವನಕೋಟೆ, ಸರಗೂರು, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನಲ್ಲಿ ಜೇನು ಕುರುಬರ, ಬೆಟ್ಟ ಕುರುಬರ, ಯರವರ ಹಾಡಿಗಳಿವೆ. ಜಲಾಶಯಕ್ಕಾಗಿ, ವನ್ಯಜೀವಿ ರಕ್ಷಣೆಗಾಗಿ ತಲೆಮಾರುಗಳ ನೆಲ ಬಿಟ್ಟು ಬಂದ ಕುಟುಂಬಗಳು ಇಲ್ಲಿವೆ. ಕಾಡಿನೊಳಗೆ ಕಂಬ ನೆಟ್ಟು ತಂತಿ ಎಳೆಯುವುದು ಸುಲಭದ ಮಾತಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಯ ಶಿಫಾರಸಿನ ಮೇಲೆ ವಿದ್ಯುತ್ ಮಾರ್ಗಕ್ಕೆ ಸೀಮಿತ ಅರಣ್ಯಭೂಮಿ ಬಳಸಲು ಅವಕಾಶ ಕೊಟ್ಟಿದೆ. ಆದರೂ ಕಡತ ಸಾಗುವ ವೇಗಕ್ಕೆ ಮಕ್ಕಳ ಓದು ಕಾಯುವುದಿಲ್ಲ.

ಇಂಥಲ್ಲಿ ಎಲ್‌ಇಡಿ ಮಾಡಿದ ಉಪಕಾರ ಸೌರ ಫಲಕವನ್ನು ಚಿಕ್ಕದಾಗಿಸಿದ್ದು. 60 ವಾಟಿನ ಒಂದು ಬುರುಡೆ ಬಲ್ಬನ್ನು ಐದು ಗಂಟೆ ಉರಿಸಲು 300 ವಾಟ್-ಗಂಟೆ ಬೇಕು. 3 ವಾಟಿನ ಮೂರು ಎಲ್‌ಇಡಿಗಳನ್ನು, ಅಂದರೆ ಒಲೆಯ ಬಳಿ ಒಂದು, ಓದುವಲ್ಲಿ ಒಂದು, ಬಾಗಿಲ ಮುಂದೆ ಒಂದು, ಅಷ್ಟೇ ಹೊತ್ತು ಉರಿಸಲು 45 ಸಾಕು. ಅಷ್ಟನ್ನು ಸೂರಿನ ಮೇಲಿನ 20 ವಾಟಿನ ಪುಟ್ಟ ಫಲಕವೇ ಒಂದು ಒಳ್ಳೆಯ ಬಿಸಿಲಿನ ದಿನದಲ್ಲಿ ಕೊಟ್ಟುಬಿಡುತ್ತದೆ. ಸೀಮೆಎಣ್ಣೆ ಬುಡ್ಡಿಯ ಹೊಗೆ ಕುಡಿಯುತ್ತ ಓದಬೇಕಾಗಿದ್ದ ಮಗುವಿಗೆ ಇದಕ್ಕಿಂತ ದೊಡ್ಡ ಸಹಾಯ ಬೇರೆ ಯಾವುದಿದೆ?

ಈ ದಾರಿಯನ್ನು ದೇಶಕ್ಕೇ ತೋರಿಸಿದವರಲ್ಲಿ ಕನ್ನಡ ನಾಡಿನ ಸೆಲ್ಕೊ ಸಂಸ್ಥೆ ಮುಂದಿನ ಸಾಲಿನಲ್ಲಿದೆ. 1995ರಲ್ಲಿ ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ದುಡಿಮೆಯ ಹಣ ಬರುವ ರೀತಿಗೆ ತಕ್ಕ ಕಂತು, ಬ್ಯಾಂಕಿನ ಸಾಲ, ಮನೆಗೆ ಬಂದು ರಿಪೇರಿ ಮಾಡುವ ಸೇವೆ, ಈ ಮೂರನ್ನೂ ದೀಪದ ಜೊತೆಗೇ ಕೊಟ್ಟದ್ದು ಅವರ ವಿಶೇಷ. ಅವರ ಶಾಲಾ ಯೋಜನೆಯಲ್ಲಿ ಫಲಕ ಶಾಲೆಯ ಮೇಲಿರುತ್ತದೆ. ಮಕ್ಕಳು ಬ್ಯಾಟರಿಯನ್ನು ಶಾಲೆಗೆ ತಂದು ಚಾರ್ಜ್ ಮಾಡಿಕೊಂಡು ಸಂಜೆ ಮನೆಗೆ ಒಯ್ಯುತ್ತಾರೆ. ದೀಪ ಬೇಕಾದರೆ ಶಾಲೆಗೆ ಬರಲೇಬೇಕು! ಜೇನು ಕುರುಬರಂಥ ವಿಶೇಷ ದುರ್ಬಲ ಬುಡಕಟ್ಟುಗಳಿಗೆಂದೇ 2023ರಲ್ಲಿ ಆರಂಭವಾದ ಪಿಎಂ ಜನ್‌ಮನ್ ಯೋಜನೆಯಲ್ಲೂ ತಂತಿ ಮುಟ್ಟದ ಮನೆಗಳಿಗೆ ಸೌರದೀಪ ಕೊಡುವ ಅವಕಾಶವಿದೆ.

ಕೆಟ್ಟ ಮೇಲೆ ಯಾರು?

ಹಾಡಿಗಳಿಗೆ ದೀಪ ಕೊಡುವ ಯೋಜನೆ ಎಲ್ಲಿಯಾದರೂ ಸೋತರೆ ಅದು ಸೋಲುವುದು ಉದ್ಘಾಟನೆಯ ದಿನವಲ್ಲ, ಎರಡನೆಯ ವರ್ಷದಲ್ಲಿ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವವರಿಲ್ಲದೆ ಅದು ಸಾಯುತ್ತದೆ. ಫಲಕದ ಮೇಲೆ ಧೂಳು, ಮರದ ನೆರಳು ಕೂರುತ್ತದೆ. ಸಣ್ಣದೊಂದು ಫ್ಯೂಸು ಹೋದರೂ ಇಡೀ ಮನೆ ಕತ್ತಲು.

ಎಲ್‌ಇಡಿ ಬಲ್ಬಿನ ಕಥೆಯೂ ಹೀಗೆಯೇ. ಡಬ್ಬಿಯ ಮೇಲೆ ಬರೆದಿರುವ ಸಾವಿರಾರು ಗಂಟೆಗಳ ಆಯಸ್ಸು ಚಿಪ್ಪಿನದು. ಮೊದಲು ಕೆಡುವುದು ಹೆಚ್ಚಾಗಿ ಒಳಗಿನ ಡ್ರೈವರು, ಅಂದರೆ ಕರೆಂಟನ್ನು ಚಿಪ್ಪಿಗೆ ಹೊಂದಿಸಿ ಕೊಡುವ ಸರ್ಕ್ಯೂಟು. ಅದರ ಕೆಪಾಸಿಟರ್ ಶಾಖಕ್ಕೆ ಒಣಗುತ್ತದೆ, ವೋಲ್ಟೇಜ್ ಏಕಾಏಕಿ ಏರಿದರೆ ಸುಟ್ಟುಹೋಗುತ್ತದೆ. ಲೈನಿನ ಕೊನೆಯಲ್ಲಿರುವ ಹಳ್ಳಿಗಳಲ್ಲಿ ಈ ಏರಿಳಿತ ನಿತ್ಯದ್ದು. ಸಾಲಾಗಿ ಜೋಡಿಸಿದ ಚಿಪ್ಪುಗಳಲ್ಲಿ ಒಂದು ಹೋದರೂ ಬಲ್ಬು ಪೂರ್ತಿ ಆರುತ್ತದೆ. ಆದರೆ ಇವೆಲ್ಲ ರಿಪೇರಿಯಾಗುವ ದೋಷಗಳು. ಬೆಸುಗೆ ಕಡ್ಡಿ, ಮಲ್ಟಿಮೀಟರ್ ಹಿಡಿಯಲು ಬಲ್ಲ ಕೈಗೆ ಡ್ರೈವರೋ ಪ್ಲೇಟೋ ಬದಲಿಸುವುದು ಕೆಲವೇ ನಿಮಿಷದ ಕೆಲಸ.

ರಾಜಸ್ಥಾನದ ಡೂಂಗರ್‌ಪುರದಲ್ಲಿ ಐಐಟಿ ಬಾಂಬೆಯ ಮಾರ್ಗದರ್ಶನದಲ್ಲಿ ಆದಿವಾಸಿ ಮಹಿಳೆಯರು ಸೌರದೀಪ ಜೋಡಿಸಲು, ರಿಪೇರಿ ಮಾಡಲು ಕಲಿತರು. ಅಲ್ಲಿಗೇ ನಿಲ್ಲದೆ ಸೌರ ಫಲಕ ತಯಾರಿಸುವ ತಮ್ಮದೇ ಕಂಪನಿಯನ್ನೂ ಕಟ್ಟಿದರು. ಹುಣಸೂರು, ಹೆಗ್ಗಡದೇವನಕೋಟೆ, ಕೆ.ಆರ್. ನಗರದ ಸ್ತ್ರೀಶಕ್ತಿ ಸಂಘಗಳಿಗೆ, ಐಟಿಐ ಮುಗಿಸಿದ ಹಾಡಿಯ ಹುಡುಗ ಹುಡುಗಿಯರಿಗೆ ಇದು ಏಕೆ ಸಾಧ್ಯವಾಗಬಾರದು? ಹಾಡಿಗೆ ಹತ್ತು ದೀಪ ಕೊಡುವ ದುಡ್ಡಿನಲ್ಲಿ ಎಂಟೇ ಕೊಟ್ಟು, ಉಳಿದದ್ದರಲ್ಲಿ ಅದೇ ಹಾಡಿಯ ಒಬ್ಬರಿಗೆ ರಿಪೇರಿ ಕಲಿಸಿದರೆ ಐದು ವರ್ಷದ ಮೇಲೂ ಎಂಟು ಮನೆ ಬೆಳಗುತ್ತಿರುತ್ತವೆ. ಕಲಿತವರಿಗೆ ಊರಲ್ಲೇ ಒಂದು ಜೀವನೋಪಾಯವೂ ಆಗುತ್ತದೆ.

ಸೇವಂತಿಗೆ ಹೇಳುವ ಪಾಠ

ಇನ್ನು ‘ಎಂಥ ಬೆಳಕು, ಎಲ್ಲಿಗೆ’ ಎಂಬ ಪ್ರಶ್ನೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಪ್ರಯಾಣಿಸಿದವರು ಸೇವಂತಿಗೆ ತೋಟಗಳಲ್ಲಿ ಸಾಲುಸಾಲು ಬಲ್ಬುಗಳು ಉರಿಯುವುದನ್ನು ನೋಡಿರುತ್ತಾರೆ. ಸೇವಂತಿಗೆ ಹೂ ಬಿಡುವುದು ರಾತ್ರಿ ಉದ್ದವಾದಾಗ. ನಡುರಾತ್ರಿ ಕೆಲವು ಗಂಟೆ ಬೆಳಕು ಕೊಟ್ಟರೆ ಗಿಡ ರಾತ್ರಿ ಚಿಕ್ಕದೆಂದೇ ತಿಳಿದು ಮೊಗ್ಗು ಕಟ್ಟುವುದನ್ನು ಮುಂದೂಡಿ ಎತ್ತರಕ್ಕೆ ಬೆಳೆಯುತ್ತದೆ. ಕಾಂಡ ಬಲಿತ ಮೇಲೆ ದೀಪ ಆರಿಸಿದರೆ ಬೇಕಾದ ಹೊತ್ತಿಗೆ ಹೂವು ಸಿಗುತ್ತದೆ. ಹಬ್ಬದ ದರಕ್ಕೆ ಸರಿಯಾಗಿ ಕೊಯ್ಲು ಮಾಡಲು ನಮ್ಮ ರೈತರು ಕಂಡುಕೊಂಡ ಜಾಣ ದಾರಿ ಇದು.

ಒಂದು ಸಣ್ಣ ಬಲ್ಬು ಗಿಡದ ಕಾಲಜ್ಞಾನವನ್ನೇ ಬದಲಿಸಬಲ್ಲದು ಎಂದಮೇಲೆ ಕಾಡಂಚಿನಲ್ಲಿ ಇಡೀ ರಾತ್ರಿ ಉರಿಯುವ ದೀಪಗಳು ಏನೇನು ಬದಲಿಸಬಹುದು? ಕಬಿನಿಯ ಒಂದು ದಡದಲ್ಲಿ ನಾಗರಹೊಳೆ, ಇನ್ನೊಂದರಲ್ಲಿ ಬಂಡೀಪುರ. ರಾತ್ರಿಯ ಓಡಾಟವೇ ಬದುಕಾಗಿರುವ ಪ್ರಾಣಿಗಳ ನೆಲ ಇದು. ಅವುಗಳ ದಾರಿಗೆ ಅಡ್ಡಿಯಾಗಬಾರದೆಂದೇ 2009ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ವಾಹನದ ದೀಪಕ್ಕೆ ಇಷ್ಟು ಎಚ್ಚರ ವಹಿಸುವ ನಾವು ಹಿನ್ನೀರಿನ ಅಂಚಿನ ರೆಸಾರ್ಟುಗಳ, ಬೀದಿಯ, ಮನೆಯಂಗಳದ ದೀಪಗಳ ಬಗ್ಗೆಯೂ ಅಷ್ಟೇ ಎಚ್ಚರ ವಹಿಸಬೇಕು.

ಇಲ್ಲಿ ನೀಲಿಯ ಪ್ರಮಾಣ ಮುಖ್ಯವಾಗುತ್ತದೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. ಅಂಗಡಿಯಲ್ಲಿ ಹೆಚ್ಚು ಮಾರಾಟವಾಗುವ ಹಾಲುಬಿಳಿ ಬಲ್ಬು 6,500 ಕೆಲ್ವಿನ್, ಅದರಲ್ಲಿ ನೀಲಿ ಹೆಚ್ಚು. ಮೈಸೂರು ಅರಮನೆಗೆ ಆ ಹೊಂಬಣ್ಣ ಕೊಟ್ಟ ಬುರುಡೆ ಬಲ್ಬಿನದು ಸುಮಾರು 2,700, ಅದರಲ್ಲಿ ನೀಲಿ ಬಹಳ ಕಡಿಮೆ. ಹೊಂಬಣ್ಣದ ಬೆಳಕಿಗೆ ಮುತ್ತುವ ಹುಳುಗಳೂ ಕಡಿಮೆ, ಜೀವಿಗಳ ನಿದ್ದೆ-ಎಚ್ಚರದ ಲಯಕ್ಕೆ ಆಗುವ ತೊಂದರೆಯೂ ಕಡಿಮೆ. ಅದೇ ಹೊಂಬಣ್ಣ ಈಗ ಎಲ್‌ಇಡಿಯಲ್ಲೂ ಸಿಗುತ್ತದೆ. ಬೆಳಕು ನೆಲಕ್ಕಷ್ಟೇ ಬೀಳುವಂತೆ ತಲೆ ಮುಚ್ಚಿದ ದೀಪ, ಜನ ಬಂದಾಗ ಮಾತ್ರ ಹೊತ್ತುವ ಸೆನ್ಸರ್, ನಡುರಾತ್ರಿಯ ಮೇಲೆ ತಾನೇ ಮಂದವಾಗುವ ಡ್ರೈವರ್ ಎಲ್ಲವೂ ಮಾರುಕಟ್ಟೆಯಲ್ಲಿವೆ. ಮಹಾರಾಷ್ಟ್ರದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶ ಇಂಥ ಶಿಸ್ತು ಪಾಲಿಸಿಯೇ 2024ರಲ್ಲಿ ದೇಶದ ಮೊದಲ ‘ಡಾರ್ಕ್ ಸ್ಕೈ ಪಾರ್ಕ್’ ಎಂಬ ಮಾನ್ಯತೆ ಪಡೆಯಿತು. ಕಬಿನಿಗೂ ಆ ಯೋಗ್ಯತೆ ಇದೆ.

ಹಾಗೆಂದು ಕಾಡಂಚಿನ ಜನ ಕತ್ತಲಲ್ಲಿರಬೇಕೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ರಾತ್ರಿ ಪಾಳಿಯಲ್ಲಿ ಬರುವ ತ್ರೀ ಫೇಸ್ ಕರೆಂಟಿಗಾಗಿ ಪಂಪ್‌ಸೆಟ್ ಹಾಕಲು ಹೋಗುವ ರೈತನಿಗೆ, ಆನೆಯ ಭಯದಲ್ಲಿ ಮನೆಯಿಂದ ಹೊರಗೆ ಕಾಲಿಡುವ ಹೆಂಗಸಿಗೆ ಬೆಳಕು ಪ್ರಾಣರಕ್ಷಣೆಯ ಮಾತು. ಮನೆಯ ಬಾಗಿಲು, ಬೀದಿ, ನೀರಿನ ಟ್ಯಾಂಕ್, ಬಸ್ ನಿಲ್ದಾಣ ಚೆನ್ನಾಗಿ ಬೆಳಗಲಿ. ಕಾಡಿನ ಕಡೆಗೆ, ಹಿನ್ನೀರಿನ ಕಡೆಗೆ, ಆಕಾಶದ ಕಡೆಗೆ ಚೆಲ್ಲಿಹೋಗುವ ಬೆಳಕಿನಿಂದ ಯಾರಿಗೂ ಪ್ರಯೋಜನವಿಲ್ಲ, ಅದಕ್ಕೂ ದುಡ್ಡು ತೆರುವವರು ನಾವೇ.

ಪಂಚಾಯಿತಿಯಲ್ಲಿ ಕೇಳೋಣ

ಹಳ್ಳಿಯ ಬೀದಿದೀಪ ಕೊಳ್ಳುವುದು ಗ್ರಾಮ ಪಂಚಾಯಿತಿ. ಆದ್ದರಿಂದ ಈ ವಿಷಯ ತೀರ್ಮಾನವಾಗಬೇಕಾದ ಜಾಗ ಗ್ರಾಮಸಭೆಯೇ. ಮುಂದಿನ ಖರೀದಿಯ ಮೊದಲು ಪ್ರತಿ ಊರೂ ಕೆಲವು ಷರತ್ತುಗಳನ್ನು ಠರಾವಿನಲ್ಲಿ ಬರೆಸಲಿ. ದೀಪವನ್ನು ವಾಟ್ ನೋಡಿಯಲ್ಲ, ಲ್ಯೂಮೆನ್ ನೋಡಿ ಕೊಳ್ಳಬೇಕು. ಕಾಡಂಚಿನಲ್ಲಿ 3,000 ಕೆಲ್ವಿನ್ ಮೀರದ ಹೊಂಬಣ್ಣದ, ತಲೆ ಮುಚ್ಚಿದ ದೀಪವೇ ಇರಬೇಕು. ವೋಲ್ಟೇಜ್ ಏರಿಳಿತ ತಡೆಯುವ ಸರ್ಜ್ ರಕ್ಷಣೆ ಇರಬೇಕು. ಡ್ರೈವರ್ ಬೇರೆಯಾಗಿ ಬಿಚ್ಚಿ ಬದಲಿಸುವಂತಿರಬೇಕು. ಗ್ಯಾರಂಟಿ ಅವಧಿಯಲ್ಲಿ ಕೆಟ್ಟರೆ ಎಷ್ಟು ದಿನದೊಳಗೆ ಸರಿಪಡಿಸುತ್ತಾರೆ ಎಂಬುದು ಬರವಣಿಗೆಯಲ್ಲಿರಬೇಕು. ರಿಪೇರಿಯ ಕೆಲಸ ಊರಿನಲ್ಲೇ ಕಲಿತವರಿಗೆ ಸಿಗಬೇಕು.

ಇವುಗಳಲ್ಲಿ ಒಂದಕ್ಕೂ ಹೊಸ ಕಾನೂನು ಬೇಕಿಲ್ಲ, ದೆಹಲಿಯ ಅಪ್ಪಣೆಯೂ ಬೇಕಿಲ್ಲ. ಜಪಾನಿನ ಪ್ರಯೋಗಾಲಯಗಳಲ್ಲಿ ಮೂವರು ಹಠ ಹಿಡಿದು ಪಡೆದ ಬೆಳಕನ್ನು ದೇಶ ಅಗ್ಗ ಮಾಡಿತು. ಅದನ್ನು ಸರಿಯಾದ ಜಾಗಕ್ಕೆ ಮುಟ್ಟಿಸಿ, ಬಹುಕಾಲ ಉಳಿಸಿಕೊಳ್ಳುವ ಕೆಲಸ ಈಗ ಬೀಚನಹಳ್ಳಿಯಂಥ ಊರುಗಳದು. ಮುಂದಿನ ಗ್ರಾಮಸಭೆಯ ನೋಟಿಸು ಬಂದಾಗ ಈ ಷರತ್ತುಗಳನ್ನು ಬರೆದುಕೊಂಡೇ ಹೋಗೋಣ.