ಜೀವಕೋಶದ ಕಣಜ ಮತ್ತು ತಿಪ್ಪೆ

ರೈತನ ಮನೆಯಲ್ಲಿ ನೀರಿಗೆ ತೊಟ್ಟಿ, ಕಾಳಿಗೆ ಕಣಜ, ಕಸಕ್ಕೆ ತಿಪ್ಪೆ ಎಂದು ಮೂರು ಏರ್ಪಾಡುಗಳಿರುತ್ತವೆ. ಬರಿಗಣ್ಣಿಗೆ ಕಾಣದಷ್ಟು ಚಿಕ್ಕದಾದ ಜೀವಕೋಶದಲ್ಲಿಯೂ ಈ ಮೂರು ಉಂಟು. ಅವು ಹೇಗಿವೆ ಎಂಬುದನ್ನು ನಮ್ಮ ಸೀಮೆಯ ಬೆಳೆಗಳಿಂದಲೇ ತಿಳಿಯೋಣ.

ಮೊದಲು ನೀರಿನ ತೊಟ್ಟಿ. ಬಲಿತ ಸಸ್ಯಕೋಶದ ನಡುವೆ ದೊಡ್ಡದೊಂದು ಚೀಲವಿರುತ್ತದೆ. ಕೋಶದ ಗಾತ್ರದಲ್ಲಿ ಶೇಕಡಾ 80ರಿಂದ 90ರಷ್ಟನ್ನು ಅದೊಂದೇ ತುಂಬಿಕೊಂಡಿರುವುದುಂಟು. ಇಂಗ್ಲಿಷಿನಲ್ಲಿ ಇದು ವ್ಯಾಕ್ಯುವೋಲ್; ಬರಿದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು. ನಮ್ಮ ಪಠ್ಯಗಳಲ್ಲಿ ಇದು ರಸದಾನಿ. ಹೂವಿಗೆ ಹೂದಾನಿ ಇದ್ದಂತೆ ರಸಕ್ಕೆ ರಸದಾನಿ. ಕನ್ನಡದ ಹೆಸರೇ ಸತ್ಯಕ್ಕೆ ಹೆಚ್ಚು ಹತ್ತಿರ. ಅದರೊಳಗೆ ನೀರು, ಸಕ್ಕರೆ, ಲವಣ, ಆಮ್ಲ, ಬಣ್ಣ ಎಲ್ಲವೂ ಇರುತ್ತವೆ. ಹಿಂದೂಪುರದ ಮಾರುಕಟ್ಟೆಗೆ ಬರುವ ಹುಣಸೆಹಣ್ಣಿನ ಹುಳಿಗೆ ಕಾರಣ ಮುಖ್ಯವಾಗಿ ಟಾರ್ಟಾರಿಕ್ ಆಮ್ಲ. ಹಣ್ಣುಗಳು ಇಂಥ ಆಮ್ಲವನ್ನು ಕೂಡಿಡುವುದು ರಸದಾನಿಯಲ್ಲಿಯೇ.

ರಸದಾನಿ ತುಂಬಿದ್ದಾಗ ಕೋಶವು ಗಾಳಿ ತುಂಬಿದ ಚೆಂಡಿನಂತೆ ಬಿಗಿಯಾಗಿರುತ್ತದೆ; ಎಲೆ ನೆಟ್ಟಗೆ ನಿಲ್ಲುತ್ತದೆ. ಬೇರಿಗೆ ನೀರು ಸಿಗದಿದ್ದರೆ ಅದು ಕುಗ್ಗುತ್ತದೆ, ಎಲೆ ಬಾಡುತ್ತದೆ. ಕಲ್ಯಾಣದುರ್ಗದ ಕಡೆ ಮಳೆ ತಪ್ಪಿದಾಗ ಕಡಲೆಕಾಯಿ ಗಿಡಗಳು ಸೊರಗುವುದು ಹೀಗೆ.

ಇನ್ನು ಕಣಜ. ಕಡಲೆಬೀಜದ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆ, ಕಾಲುಭಾಗದಷ್ಟು ಪ್ರೋಟೀನು. ಎಣ್ಣೆಯು ಸಣ್ಣಸಣ್ಣ ಹನಿಗಳಾಗಿಯೂ, ಪ್ರೋಟೀನು ಬೇರೆ ಚೀಲಗಳಲ್ಲಿಯೂ ಕೋಶದೊಳಗೆ ಕುಳಿತಿರುತ್ತವೆ. ಮೊಳಕೆಯೊಡೆದ ಸಸಿಗೆ ಹಸಿರೆಲೆ ಬರುವವರೆಗೆ ಇದೇ ಬುತ್ತಿ. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಎಲೆಗಳು ಸಾಕಷ್ಟು ಆಹಾರ ತಯಾರಿಸಲಾರವು. ರೈತನು ಜೊಳ್ಳು ಎಂದು ತೂರಿಬಿಡುವುದು ತುಂಬದೆ ಉಳಿದ ಈ ಕಣಜವನ್ನೇ. ಹುಣಸೆಬೀಜದ ರೀತಿಯೇ ಬೇರೆ; ಅದು ಆಹಾರವನ್ನು ಕೋಶದ ಗೋಡೆಯಲ್ಲಿಯೇ ದಪ್ಪವಾಗಿ ಮೆತ್ತಿಡುತ್ತದೆ. ಅದರ ಪುಡಿಯನ್ನು ನೂಲಿಗೆ ಗಂಜಿ ಹಾಕಲು ಬಳಸುತ್ತಾರೆ.

ಪ್ರಾಣಿಕೋಶಗಳಲ್ಲಿ ಇಷ್ಟು ದೊಡ್ಡ ರಸದಾನಿ ಇಲ್ಲ. ನಮ್ಮ ಯಕೃತ್ತಿನ ಕೋಶಗಳು ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತವೆ. ಹೆಚ್ಚಾದುದು ಕೊಬ್ಬಿನ ಕೋಶಗಳಲ್ಲಿ ಸೇರುತ್ತದೆ.

ಕೊನೆಗೆ ತಿಪ್ಪೆ. ಗಿಡಕ್ಕೆ ಮೂತ್ರಪಿಂಡವಿಲ್ಲ. ಬೇಡವಾದುದನ್ನು ರಸದಾನಿಯಲ್ಲಿಯೂ, ಉದುರುವ ಎಲೆ ತೊಗಟೆಗಳಲ್ಲಿಯೂ ಇಟ್ಟುಬಿಡುತ್ತದೆ. ಕೆಸುವಿನ ಎಲೆ ಹೆಚ್ಚಾದ ಸುಣ್ಣವನ್ನು ಸೂಜಿಯಂಥ ಹರಳುಗಳಾಗಿ ಮಾಡಿಡುತ್ತದೆ. ಗಂಟಲು ತುರಿಸುವುದು ಅದರಿಂದಲೇ. ಕಸವೇ ಗಿಡಕ್ಕೆ ಕಾವಲೂ ಆಯಿತು!

ಪ್ರಾಣಿಕೋಶದಲ್ಲಿ ಈ ಕೆಲಸ ಲೈಸೋಸೋಮುಗಳದು. ಬೆಲ್ಜಿಯಂ ದೇಶದ ಕ್ರಿಶ್ಚಿಯನ್ ಡಿ ಡೂವ್ 1955ರಲ್ಲಿ ಇವಕ್ಕೆ ಹೆಸರಿಟ್ಟರು. 1974ರಲ್ಲಿ ನೊಬೆಲ್ ಪಾರಿತೋಷಕ ಹಂಚಿಕೊಂಡರು. ಇವು ಸವೆದ ಭಾಗಗಳನ್ನು ಕಿಣ್ವಗಳಿಂದ ಒಡೆದು, ಉಪಯುಕ್ತವಾದುದನ್ನು ಕೋಶಕ್ಕೆ ಮರಳಿಸುತ್ತವೆ. ಹುಟ್ಟಿನಿಂದಲೇ ಒಂದು ಕಿಣ್ವ ಇಲ್ಲವಾದರೂ ಕೋಶದಲ್ಲಿ ಕಸ ತುಂಬುತ್ತದೆ. ಟೇ-ಸ್ಯಾಕ್ಸ್ ಎಂಬ ರೋಗದಲ್ಲಿ ಎಳೆಯ ಮಕ್ಕಳ ನರಕೋಶಗಳೇ ಹೀಗೆ ಹಾಳಾಗುತ್ತವೆ. ಕೂಡಿಡುವಷ್ಟೇ ಕಸ ತೆಗೆಯುವುದೂ ಬದುಕಿಗೆ ಅಗತ್ಯ.

ವಿದ್ಯಾರ್ಥಿಗಳೇ, ಕೆಂಪು ಈರುಳ್ಳಿಯ ತೆಳುವಾದ ಬಣ್ಣದ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಒಂದು ಹನಿ ಗಟ್ಟಿ ಉಪ್ಪುನೀರು ಬಿಡಿ. ಬಣ್ಣ ತುಂಬಿದ ರಸದಾನಿ ನೋಡನೋಡುತ್ತ ಕುಗ್ಗುವುದು. ಕೋಸಂಬರಿಗೆ ಉಪ್ಪು ಹಾಕಿದೊಡನೆ ಸೌತೆಕಾಯಿ ನೀರು ಬಿಡುವುದೇಕೆಂದು ಆಗ ನೀವೇ ನಿಮ್ಮ ತಾಯಿಗೆ ವಿವರಿಸಬಲ್ಲಿರಿ.