ಗೇಟಿನ ಬೋರ್ಡಿನಲ್ಲಿ ಒಂದು ಹೆಸರು, ಸಂಬಳದ ಚೀಟಿಯಲ್ಲಿ ಇನ್ನೊಂದು

ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರ ಬಂದಂತೆ ಸ್ಟಾಫ್ ರೂಮಿಗೆ ಬರುವ ಪ್ರಶ್ನೆಗಳೂ ಬದಲಾಗುತ್ತವೆ. "ಸರ್, ಕಂಪನಿಗೆ ಸೇರಿಕೊಳ್ಳಲಾ?" ಎಂಬುದು ಅವುಗಳಲ್ಲಿ ಮೊದಲನೆಯದು. ನಂಜನಗೂಡಿನವರಿಗೆ 'ಕಂಪನಿ' ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನೆಸ್ಲೆ, ಜುಬಿಲಂಟ್, ಇಮ್ಮಾವಿನ ಏಷ್ಯನ್ ಪೇಂಟ್ಸ್, ಅಳಗಂಚಿಯ ಸಕ್ಕರೆ ಕಾರ್ಖಾನೆ, ಕಡಕೊಳದ ಹತ್ತಿರದ ಟಿವಿಎಸ್, ಇವೆಲ್ಲ ಬಸ್ಸಿನ ಸ್ಟಾಪುಗಳಷ್ಟೇ ಪರಿಚಿತ ಹೆಸರುಗಳು. ತಿ. ನರಸೀಪುರದ ಕಡೆ ಇಷ್ಟು ಕಾರ್ಖಾನೆಗಳಿಲ್ಲ. ಅಲ್ಲಿ ಭತ್ತ, ಕಬ್ಬು, ರೇಷ್ಮೆ, ಕೆಎಸ್‌ಐಸಿಯ ನೂಲು ತೆಗೆಯುವ ಕಾರ್ಖಾನೆ, ಅಂಗಡಿ ವ್ಯಾಪಾರ. ಹಾಗಾಗಿ ಆ ಕಡೆಯ ಹುಡುಗರೂ ಕೆಲಸ ಹುಡುಕಿಕೊಂಡು ನಂಜನಗೂಡಿಗೋ ಮೈಸೂರಿಗೋ ಬರುತ್ತಾರೆ. ಒಂದು ಕೆಲಸಕ್ಕೆ ಹತ್ತು ಜನ ನಿಂತಿರುವ ಕಾಲ ಇದು. ಸಿಕ್ಕಿದ್ದನ್ನು ಹಿಡಿಯಬೇಕು ಎನಿಸುವುದು ಸಹಜ. ಹಿಡಿಯುವುದರಲ್ಲಿ ತಪ್ಪೂ ಇಲ್ಲ. ಆದರೆ ಏನನ್ನು ಹಿಡಿಯುತ್ತಿದ್ದೇವೆ ಎಂಬುದು ಗೊತ್ತಿರಬೇಕು.

ದೊಡ್ಡ ಹೆಸರಿನ ಕಂಪನಿ ಎಂದರೆ ಜೀವಮಾನದ ಕೆಲಸ ಎಂಬ ನಂಬಿಕೆ ಮೈಸೂರು ಸೀಮೆಯಲ್ಲಿ ಹಲವು ಸಲ ಮುರಿದುಬಿದ್ದಿದೆ. ಜಾವಾ, ಯೆಜ್ಡಿ ಬೈಕು ಮಾಡುತ್ತಿದ್ದ ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. ಫಾಲ್ಕನ್ ಟೈರ್ಸ್ ಬಾಗಿಲು ಹಾಕಿತು. ನಮ್ಮದೇ ತಾಲ್ಲೂಕಿನ ತಾಂಡ್ಯದಲ್ಲಿದ್ದ ರೀಡ್ ಅಂಡ್ ಟೇಲರ್ ಸಾಲದ ಸುಳಿಗೆ ಸಿಕ್ಕಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ನಿಮ್ಮ ಮನೆಯ ಅಬ್ಬಾ, ಚಾಚಾ, ಮಾಮೂ ಯಾರಾದರೂ ಇವುಗಳಲ್ಲಿ ದುಡಿದಿದ್ದರೆ ಕೂತು ಕೇಳಿ, ಪುಸ್ತಕದಲ್ಲಿ ಸಿಗದ ಅರ್ಥಶಾಸ್ತ್ರ ಸಿಗುತ್ತದೆ. ಕಂಪನಿ ಮುಚ್ಚಿದ ಮೇಲೆ ಕೈಯಲ್ಲಿ ಉಳಿಯುವುದು ಕಲಿತ ಕೆಲಸ, ಪಿಎಫ್ ಖಾತೆ ಮತ್ತು ಸರಿಯಾದ ಕಾಗದಪತ್ರ ಮಾತ್ರ.

ಈಗ ಶೀರ್ಷಿಕೆಯ ವಿಷಯಕ್ಕೆ ಬರೋಣ. ಪಿಯುಸಿ ಮುಗಿಸಿ ಕಾರ್ಖಾನೆಯ ಒಳಗೆ ಹೋಗುವವರು ಸಾಮಾನ್ಯವಾಗಿ ಮೂರು ಬಗೆಯಲ್ಲಿ ಹೋಗುತ್ತಾರೆ: ಕಂಪನಿಯ ನೌಕರನಾಗಿ, ಗುತ್ತಿಗೆದಾರನ ಕಡೆಯ ಕೆಲಸಗಾರನಾಗಿ, ಇಲ್ಲವೇ ಅಪ್ರೆಂಟಿಸ್ ಆಗಿ. ಮೂವರ ಯೂನಿಫಾರ್ಮೂ ಹೆಚ್ಚುಕಡಿಮೆ ಒಂದೇ ತರಹ ಇರಬಹುದು, ಕ್ಯಾಂಟೀನೂ ಒಂದೇ ಇರಬಹುದು. ಆದರೆ ಕಾನೂನಿನ ಕಣ್ಣಿಗೆ ಮೂವರೂ ಬೇರೆ ಬೇರೆ. ನೇರವಾಗಿ ಕಂಪನಿಯ ನೌಕರಿ ಪಿಯುಸಿಯವರಿಗೆ ಸಿಗುವುದು ಬಹಳ ಅಪರೂಪ, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಗುತ್ತಿಗೆ ಕೆಲಸದಲ್ಲಿ ನಿಮ್ಮ ಮಾಲೀಕ ಗೇಟಿನ ಬೋರ್ಡಿನಲ್ಲಿರುವ ಕಂಪನಿಯಲ್ಲ, ಜನರನ್ನು ಒದಗಿಸುವ ಏಜೆನ್ಸಿ. ಸಂಬಳದ ಚೀಟಿಯಲ್ಲಿ ಅದರ ಹೆಸರೇ ಇರುತ್ತದೆ. ಹಾಗಾಗಿ ಸೇರುವ ಮೊದಲು ಕೇಳಬೇಕಾದ ಪ್ರಶ್ನೆ "ಯಾವ ಕಂಪನಿ?" ಎಂಬುದಲ್ಲ, "ಯಾರ ಹೆಸರಿನಲ್ಲಿ ನೇಮಕ ಪತ್ರ?" ಎಂಬುದು. ಆ ಏಜೆನ್ಸಿಯ ಪೂರ್ತಿ ಹೆಸರು, ವಿಳಾಸ, ನಿಮ್ಮ ಹುದ್ದೆ, ಮೂಲ ವೇತನ, ಕೆಲಸದ ಅವಧಿ, ಇಷ್ಟೂ ಬರಹದಲ್ಲಿರಬೇಕು. ವಾಟ್ಸಾಪ್ ಮೆಸೇಜು ನೇಮಕ ಪತ್ರ ಅಲ್ಲ. ಅನೇಕರಿಗೆ ತಿಳಿಯದ ಒಂದು ವಿಷಯವೆಂದರೆ, ಗುತ್ತಿಗೆದಾರ ಸಂಬಳ ಕೊಡದೆ ಹೋದರೆ ಅದನ್ನು ಕೊಡುವ ಹೊಣೆ ಮೂಲ ಕಂಪನಿಯ ಮೇಲೆ ಬರುತ್ತದೆ. ಆದರೆ ನೀವು ಅಲ್ಲಿ ಎಷ್ಟು ದಿನ ದುಡಿದಿರಿ ಎಂಬುದಕ್ಕೆ ಆಧಾರ ಬೇಕಲ್ಲ! ಗೇಟ್ ಪಾಸ್, ಹಾಜರಿಯ ವಿವರ, ಬ್ಯಾಂಕಿಗೆ ಬಂದ ಸಂಬಳದ ಎಂಟ್ರಿ, ಇವುಗಳ ಫೋಟೊ ತೆಗೆದಿಟ್ಟುಕೊಳ್ಳಿ. ನಗದು ಕೈಗೆ ಕೊಡುತ್ತೇನೆ ಎಂದರೆ ಬ್ಯಾಂಕ್ ಖಾತೆಗೇ ಹಾಕಿ ಎಂದು ಕೇಳಿ.

ಅಪ್ರೆಂಟಿಸ್ ವಿಷಯ ಬೇರೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಆತ ಕೆಲಸಗಾರನಲ್ಲ, ಕಲಿಯುವವನು. ಅವನಿಗೆ ಸಿಗುವುದು ಸಂಬಳವಲ್ಲ, ಸ್ಟೈಪೆಂಡ್. 2019ರಲ್ಲಿ ತಿದ್ದುಪಡಿಯಾದ ನಿಯಮ ಹನ್ನೆರಡನೇ ತರಗತಿ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಎಂದು ಗೊತ್ತುಮಾಡಿತ್ತು. ಸೇರುವಾಗ ಅಂದಿನ ದರ ಎಷ್ಟೆಂದು ವಿಚಾರಿಸಿ, ಒಪ್ಪಂದ ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಷಿಪ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯೇ ಎಂದೂ ನೋಡಿ. ಅವಧಿ ಮುಗಿದ ಮೇಲೆ ಕಂಪನಿ ನಿಮ್ಮನ್ನು ಖಾಯಂ ಮಾಡಿಕೊಳ್ಳಲೇಬೇಕೆಂಬ ನಿಯಮವಿಲ್ಲ. ಹಾಗಿದ್ದರೂ ನನ್ನ ಅಭಿಪ್ರಾಯದಲ್ಲಿ, ತಿಂಗಳಿಗೆ ಮೂರು ನಾಲ್ಕು ಸಾವಿರ ಹೆಚ್ಚು ಕೊಡುವ ಲೋಡಿಂಗ್ ಕೆಲಸಕ್ಕಿಂತ ಪ್ರಮಾಣಪತ್ರ ಸಿಗುವ ಅಪ್ರೆಂಟಿಸ್‌ಷಿಪ್ ಮೇಲು. ಮನೆಯ ಪರಿಸ್ಥಿತಿ ಆ ಮೂರು ಸಾವಿರವನ್ನು ಬಿಡಲು ಅವಕಾಶ ಕೊಡದಿದ್ದರೆ ಅದು ಬೇರೆ ಮಾತು. ಅಂಥವರನ್ನು ಕುರಿತು ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ.

ಸಂಬಳದ ಚೀಟಿಯಲ್ಲಿ ಕಡಿತ ಕಂಡ ತಕ್ಷಣ "ದುಡ್ಡು ಹಿಡಿದುಬಿಟ್ಟರು" ಎಂದು ಹುಡುಗರು ಬೇಜಾರು ಮಾಡಿಕೊಳ್ಳುತ್ತಾರೆ. ಕಡಿತ ಇಲ್ಲದಿದ್ದರೆ ಬೇಜಾರಾಗಬೇಕು! ಲೆಕ್ಕ ನೋಡಿ. ಪಿಎಫ್‌ಗೆ ಲೆಕ್ಕ ಹಾಕುವ ವೇತನ 12,000 ರೂಪಾಯಿ ಎಂದಿಟ್ಟುಕೊಳ್ಳಿ. ನಿಮ್ಮಿಂದ ಶೇ 12 ಅಂದರೆ 1,440 ಹೋಗುತ್ತದೆ. ಮಾಲೀಕರೂ ಅಷ್ಟೇ ಮೊತ್ತ ಹಾಕಬೇಕು. ಅವರ ಪಾಲಿನಲ್ಲಿ ಸುಮಾರು 1,000 ಪಿಂಚಣಿಗೆ, ಉಳಿದದ್ದು ಪಿಎಫ್ ಖಾತೆಗೆ. ಇಎಸ್‌ಐಗೆ ನಿಮ್ಮಿಂದ ಶೇ 0.75, ಮಾಲೀಕರಿಂದ ಶೇ 3.25. ಒಟ್ಟು ವೇತನ 14,000 ಇದ್ದರೆ ನಿಮ್ಮ ಪಾಲು ತಿಂಗಳಿಗೆ 105 ರೂಪಾಯಿ. ಅಷ್ಟಕ್ಕೆ ನಿಮಗೂ, ನಿಮ್ಮನ್ನೇ ಅವಲಂಬಿಸಿದ ತಂದೆತಾಯಿಗೂ ಚಿಕಿತ್ಸೆ ಸಿಗುತ್ತದೆ. ಆರು ತಿಂಗಳ ಒಂದು ಅವಧಿಯಲ್ಲಿ 78 ದಿನ ವಂತಿಗೆ ಕಟ್ಟಿದ್ದರೆ, ಮುಂದೆ ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದವರೆಗೆ ವೇತನದ ಶೇ 70ರಷ್ಟು ಕೈಗೆ ಬರುತ್ತದೆ. ಕೆಲಸದಲ್ಲಿ ಗಾಯವಾದರೆ ಅದರ ಪರಿಹಾರ ಬೇರೆ.

ಕಡಿತ ಮಾಡಿಕೊಂಡು ಕಟ್ಟದಿರುವ ಗುತ್ತಿಗೆದಾರರೂ ಇದ್ದಾರೆ. ಇದನ್ನು ಕಂಡುಹಿಡಿಯುವುದು ಸುಲಭ. ಪಿಎಫ್‌ಗೆ ಸೇರಿಸಿದ ಕೂಡಲೇ 12 ಅಂಕೆಯ ಯುಎಎನ್ ಸಂಖ್ಯೆ ಸಿಗುತ್ತದೆ. ಉಮಂಗ್ ಆ್ಯಪ್‌ನಲ್ಲಿ ಅದನ್ನು ಹಾಕಿ ಪಾಸ್‌ಬುಕ್ ನೋಡಬಹುದು. ಎರಡು ತಿಂಗಳಾದರೂ ಒಂದು ಸಾಲೂ ಬರದಿದ್ದರೆ ಕೇಳಲೇಬೇಕು. ಏಜೆನ್ಸಿ ಬದಲಾದರೂ ಯುಎಎನ್ ಒಂದೇ. ಹೊಸದಾಗಿ ಇನ್ನೊಂದು ಮಾಡಿಸಬೇಡಿ. ಕೆಲಸ ಬಿಟ್ಟ ಕೂಡಲೇ ಹಬ್ಬಕ್ಕೋ ಮೊಬೈಲಿಗೋ ಪಿಎಫ್ ಪೂರ್ತಿ ಬಿಡಿಸಿಕೊಳ್ಳುವುದೂ ಬೇಡ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಬಿಡಿಸಿಕೊಂಡವರ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ.

ಕೈಗೆ ಬರುವ ಸಂಬಳದ ಇನ್ನೊಂದು ಲೆಕ್ಕ ಬಸ್ಸಿನದು. ಹೋಗಿ ಬರಲು ದಿನಕ್ಕೆ 60 ರೂಪಾಯಿ ಎಂದರೆ 26 ದಿನಕ್ಕೆ 1,560. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ, ಅಷ್ಟು ಹಣ ಅವರಿಗೆ ಉಳಿಯುತ್ತದೆ. ಆದರೆ ಶಿಫ್ಟ್ ಬಿಡುವ ಹೊತ್ತಿಗೆ ನಿಮ್ಮೂರಿನ ಬಸ್ಸು ಇದೆಯೇ ಎಂಬುದನ್ನು ಸೇರುವ ಮೊದಲೇ ನೋಡಿಕೊಳ್ಳಬೇಕು. ತಿ. ನರಸೀಪುರ ತಾಲ್ಲೂಕಿನ ಒಳಹಳ್ಳಿಗಳವರಿಗೆ ಇದೇ ದೊಡ್ಡ ತೊಡಕು. ಆಹಾರ ಮತ್ತು ಔಷಧ ತಯಾರಿಕೆಯಲ್ಲಿ ಬಳೆ, ಉಂಗುರ ಬಿಚ್ಚಿಟ್ಟು ಕಂಪನಿಯ ಟೋಪಿ, ಕೋಟು ಹಾಕಬೇಕಾಗುತ್ತದೆ. ಸ್ಕಾರ್ಫ್ ವಿಷಯ, ಶುಕ್ರವಾರದ ಜುಮಾ ವಿಷಯ ಎರಡನ್ನೂ ಸಂದರ್ಶನದ ದಿನವೇ ಸಂಕೋಚವಿಲ್ಲದೆ ಕೇಳಿ. ಸೇರಿದ ಮೇಲೆ ಸೂಪರ್‌ವೈಸರ್ ಜೊತೆ ಜಗಳ ಆಡುವುದಕ್ಕಿಂತ ಇದು ಎಷ್ಟೋ ವಾಸಿ.

ಕೆಲಸ ಕೊಡಿಸುತ್ತೇನೆಂದು ಹಣ ಕೇಳುವವರ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ, ಕೊಡಬೇಡಿ. "ಡಿಪಾಜಿಟ್", "ಯೂನಿಫಾರ್ಮ್ ಚಾರ್ಜು", "ಒಳಗಿನವರಿಗೆ ಟೀ ಖರ್ಚು", ಹೆಸರು ಏನೇ ಇರಲಿ. ಅಸಲಿ ಅಂಕಪಟ್ಟಿಯನ್ನೂ ಯಾರ ಬಳಿಯೂ ಬಿಡಬೇಡಿ, ತೋರಿಸಿ, ಜೆರಾಕ್ಸ್ ಕೊಡಿ. ರಿಶ್ವತ್ ಹರಾಮ್ ಎಂದು ಮನೆಯಲ್ಲಿ ಹೇಳುವವರೇ ಮಗನ ಕೆಲಸದ ಮಾತು ಬಂದಾಗ ಒಡವೆ ಅಡವಿಡಲು ಹೊರಡುತ್ತಾರೆ. ಕೊಟ್ಟವರ ಗತಿ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ಪರೀಕ್ಷೆ ನಡೆಯಿತು, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ನೇಮಕಾತಿಯನ್ನೇ ರದ್ದುಮಾಡಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಹಣ ಕೊಟ್ಟವರ ಜೊತೆಗೆ ಪ್ರಾಮಾಣಿಕವಾಗಿ ಬರೆದವರೂ ಎರಡು ವರ್ಷ ಕಳೆದುಕೊಂಡರು.

ಗಲ್ಫಿಗೆ ಹೋಗುವ ಆಸೆ ನಮ್ಮ ಮೊಹಲ್ಲಾಗಳಲ್ಲಿ ಹೊಸದೇನಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಕೊಲ್ಲಿ ದೇಶಗಳ ಕೆಲಸಕ್ಕೆ ಹೋಗುವ ಮುನ್ನ ಸರ್ಕಾರದ ವಲಸೆ ಅನುಮತಿ ಬೇಕು. ಆಗ ಅವರ ಒಪ್ಪಂದವನ್ನು ಅಧಿಕಾರಿಗಳು ನೋಡುತ್ತಾರೆ. ಪಾಸಾದ ನಿಮಗೆ ಆ ಅನುಮತಿ ಬೇಡ, ಆದ್ದರಿಂದ ಆ ತಪಾಸಣೆಯೂ ಇಲ್ಲ. ಓದಿದವರೇ ಹೆಚ್ಚು ಎಚ್ಚರವಾಗಿರಬೇಕಾದ್ದು ಇದಕ್ಕೇ. ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತನೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಅಂಥ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೂ ಮಿತಿಯಿದೆ: 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ಒಂದೂವರೆ ಲಕ್ಷ ಕೇಳುವವನು ಯಾರು ಎಂದು ನೀವೇ ತೀರ್ಮಾನಿಸಿ. "ಈಗ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ" ಎನ್ನುವವನ ಕಡೆ ತಿರುಗಿಯೂ ನೋಡಬೇಡಿ.

ಮೊಬೈಲಿನಲ್ಲಿ ಬರುವ 'ಮನೆಯಲ್ಲೇ ಕೆಲಸ'ಗಳಲ್ಲಿ ಮೊದಲು ನೂರಿನ್ನೂರು ಕೊಟ್ಟು ಆಮೇಲೆ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುವವರೇ ಜಾಸ್ತಿ. ಅದಕ್ಕಿಂತ ಅಪಾಯದ್ದು ಬ್ಯಾಂಕ್ ಖಾತೆಯನ್ನು 'ಬಾಡಿಗೆಗೆ' ಕೊಡುವುದು. ಕಮಿಷನ್ ಆಸೆಗೆ ಎಟಿಎಂ ಕಾರ್ಡು, ಸಿಮ್ಮು ಕೊಟ್ಟರೆ, ಬೇರೆಯವರಿಂದ ದೋಚಿದ ಹಣ ನಿಮ್ಮ ಖಾತೆಯಲ್ಲಿ ಓಡಾಡುತ್ತದೆ, ಪೊಲೀಸರು ಬರುವುದು ನಿಮ್ಮ ಮನೆಗೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಸರ್ಕಾರಿ ಕೆಲಸದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಪಿಯುಸಿಗೇ ಅರ್ಹತೆ ಇರುವ ಹುದ್ದೆಗಳಿವೆ: ದ್ವಿತೀಯ ದರ್ಜೆ ಸಹಾಯಕ, ಗ್ರಾಮ ಆಡಳಿತಾಧಿಕಾರಿ, ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್, ಕೇಂದ್ರದಲ್ಲಿ ಎಸ್‌ಎಸ್‌ಸಿಯ ಸಿಎಚ್‌ಎಸ್‌ಎಲ್. ಸಿಎಚ್‌ಎಸ್‌ಎಲ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದೆಂದು 2023ರಲ್ಲಿ ಕೇಂದ್ರ ಒಪ್ಪಿತು, ನಮ್ಮ ಕಡೆಯವರು ಇನ್ನೂ ಅದರತ್ತ ಹೆಚ್ಚು ತಿರುಗಿಲ್ಲ. ಪ್ರವರ್ಗ 2ಬಿ ಪ್ರಮಾಣಪತ್ರವನ್ನು ಅರ್ಜಿ ಕರೆದ ಮೇಲೆ ಓಡಾಡಿ ಮಾಡಿಸುವ ಬದಲು ನಾಡಕಚೇರಿಯಲ್ಲಿ ಈಗಲೇ ಮಾಡಿಸಿಟ್ಟುಕೊಳ್ಳಿ, ಐದು ವರ್ಷ ನಡೆಯುತ್ತದೆ. ಯುವನಿಧಿ ಪಿಯುಸಿಯವರಿಗೆ ಇಲ್ಲ, ಅದು ಪದವಿ ಮತ್ತು ಡಿಪ್ಲೊಮಾ ಮುಗಿಸಿದವರಿಗೆ. ಕೆಲಸಕ್ಕೆ ಸೇರಿದರೂ ಪದವಿಯ ದಾರಿ ಮುಚ್ಚುವುದಿಲ್ಲ. ಮುಕ್ತ ವಿಶ್ವವಿದ್ಯಾನಿಲಯ ಮೈಸೂರಿನಲ್ಲೇ ಇದೆ. ಸ್ವಂತ ಕಸುಬು ಬೇಕೆನ್ನುವವರಿಗೆ ರುಡ್‌ಸೆಟ್ ಸಂಸ್ಥೆಯ ಮೈಸೂರು ಶಾಖೆಯಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಸಿಗುತ್ತದೆ. ಪಿಯುಸಿಯಲ್ಲಿ ಒಂದೆರಡು ವಿಷಯ ಹೋಯಿತೆಂದು ಪುಸ್ತಕ ಕಟ್ಟಿಟ್ಟು ಗೇಟಿಗೆ ಹೋಗಿ ನಿಲ್ಲುವವರಿಗೆ ಒಂದು ಮಾತು: ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪಾಸಾಗಿ ಹೋದರೆ ಸೇರುವ ದರ್ಜೆಯೇ ಬೇರೆ.

ಕೊನೆಗೆ ಹೆಸರಿನ ವಿಷಯ. ಇದು ನಮ್ಮ ವಿದ್ಯಾರ್ಥಿಗಳನ್ನು ಕಾಡುವಷ್ಟು ಬೇರೆಯವರನ್ನು ಕಾಡುವುದಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮೊಹಮ್ಮದ್', ಆಧಾರ್‌ನಲ್ಲಿ 'ಮಹಮದ್', ಬ್ಯಾಂಕಿನಲ್ಲಿ 'ಎಂಡಿ'. ಒಂದರಲ್ಲಿ 'ಬೇಗಂ' ಇದೆ, ಇನ್ನೊಂದರಲ್ಲಿ 'ಬಾನು', ಮತ್ತೊಂದರಲ್ಲಿ ಬರೀ ಇನಿಷಿಯಲ್. ಮನೆಯವರಿಗೆ ಇದು ಸಣ್ಣ ವಿಷಯ, ಕಂಪ್ಯೂಟರಿಗೆ ಇವರು ಮೂರು ಜನ. ಯುಎಎನ್ ಆಧಾರ್‌ಗೆ ಹೊಂದದಿದ್ದರೆ ನಿಮ್ಮದೇ ಪಿಎಫ್ ಹಣ ನಿಮಗೆ ಬಾರದು. ಪಾಸ್‌ಪೋರ್ಟ್, ಸರ್ಕಾರಿ ಕೆಲಸದ ದಾಖಲೆ ಪರಿಶೀಲನೆ ಎಲ್ಲ ಕಡೆ ಇದೇ ಗೋಳು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೇ ಬುನಾದಿ ಮಾಡಿಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಲು ಅವಕಾಶ, ಆದ್ದರಿಂದ ಸೈಬರ್ ಸೆಂಟರ್‌ನವನು ಟೈಪ್ ಮಾಡಿದ ಅಕ್ಷರಗಳನ್ನು ಒಂದೊಂದಾಗಿ ಓದಿಯೇ ಒಪ್ಪಿಗೆ ಕೊಡಿ. ತಪ್ಪು ಅಂಕಪಟ್ಟಿಯಲ್ಲೇ ಇದ್ದರೆ ಓದಿದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಅರ್ಜಿ ಹೋಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಟಿಸಿ ತೆಗೆದುಕೊಂಡು ಹೋದ ಮೇಲೆ ಅಲ್ಲ, ಕಾಲೇಜಿನಲ್ಲಿರುವಾಗಲೇ ಈ ನಾಲ್ಕೂ ಕಾಗದಗಳನ್ನು ಒಟ್ಟಿಗೆ ತಂದು ನಿಮ್ಮ ತರಗತಿಯ ಉಪನ್ಯಾಸಕರ ಮುಂದೆ ಇಡಿ. ಅಕ್ಷರ ತಾಳೆ ನೋಡಲು ಹತ್ತು ನಿಮಿಷ ಸಾಕು.